ತೋಟದ ಗಿಡುಗನಿಗೆ ಕಲ್ಲೆಸೆಯುವ ಮುನ್ನ

ಕಡಬ ತಾಲೂಕಿನ ಆಲಂಕಾರು ಕುಮಾರಧಾರಾ ನದಿಯ ಆಸುಪಾಸಿನ ಅಡಿಕೆ ಸೀಮೆ. ಇಲ್ಲಿ ಅಂಗಳ ದಾಟಿದರೆ ತೋಟ. ಅಡಿಕೆಗೆ ಹಬ್ಬಿದ ಕರಿಮೆಣಸು, ನಡುವೆ ತೆಂಗು, ಬಾಳೆ, ಕೊಕ್ಕೊ. ಬೆಳಗಾದೊಡನೆ ಪಿಕಳಾರ, ಮಡಿವಾಳ, ಸೂರಕ್ಕಿಗಳ ಉಲಿ ಅಡುಗೆಮನೆಯವರೆಗೂ ಕೇಳಿಬರುತ್ತದೆ. ಒಮ್ಮೊಮ್ಮೆ ಆ ಉಲಿ ಥಟ್ಟನೆ ನಿಂತುಹೋಗುವುದುಂಟು. ಬೂದು ಬೆನ್ನಿನ ಹಕ್ಕಿಯೊಂದು ಮರಗಳ ನಡುವೆ ನುಸುಳಿ, ಪಿಕಳಾರವನ್ನು ಉಗುರಿನಲ್ಲಿ ಹಿಡಿದೊಯ್ಯುತ್ತದೆ. ಮಕ್ಕಳು ಕಣ್ಣೀರಿಡುತ್ತಾರೆ, ಹಿರಿಯರು ಕವಣೆ ಹುಡುಕುತ್ತಾರೆ. ಸಣ್ಣ ಹಕ್ಕಿಯ ಮೇಲಿನ ಕರುಣೆಯಿಂದ ದೊಡ್ಡ ಹಕ್ಕಿಯನ್ನು ಹೊಡೆಯುವುದು ಧರ್ಮವೇ ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ಹೀಗೆ ಬರುವ ಹಕ್ಕಿ ಬಹುಮಟ್ಟಿಗೆ ಶಿಕ್ರಾ ಎಂಬ ಚಿಕ್ಕ ಗಿಡುಗ. ಉದ್ದ ಸುಮಾರು 30ರಿಂದ 36 ಸೆಂಟಿಮೀಟರ್. ಗಂಡಿಗಿಂತ ಹೆಣ್ಣು ದೊಡ್ಡದು. ಗಿಡ್ಡ ರೆಕ್ಕೆ, ಉದ್ದ ಬಾಲಗಳಿರುವುದರಿಂದ ದಟ್ಟ ತೋಟದಲ್ಲಿಯೂ ಸರಾಗವಾಗಿ ತಿರುಗಬಲ್ಲದು. ಅದರ ಆಹಾರ ಹಕ್ಕಿಗಳಷ್ಟೇ ಅಲ್ಲ. ಓತಿಕ್ಯಾತ, ಇಲಿ, ಅಳಿಲು, ದೊಡ್ಡ ಕೀಟಗಳೂ ಹೌದು. ಎಳನೀರು, ಕೊಕ್ಕೊ ಕಾಯಿಗಳನ್ನು ಕೊರೆಯುವ ಇಲಿ ಅಳಿಲುಗಳ ಕಾಟವನ್ನು ಬಲ್ಲ ಕೃಷಿಕರಿಗೆ ಇದರ ಉಪಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆಯಿಂದ ಬೇಟೆಯಾಡಿಸುವ ವಿನೋದಕ್ಕೆಂದೇ ಒಂದು ಪ್ರಕರಣವಿದೆ. ಅರಸರಿಗೆ ಅದು ವಿನೋದ. ಹಕ್ಕಿಗಾದರೋ ಅದು ಹೊಟ್ಟೆಯ ಪಾಡು. ಹಸಿವಿಗಾಗಿ ಹಿಡಿಯುವುದಕ್ಕೂ ಮೋಜಿಗಾಗಿ ಕೊಲ್ಲುವುದಕ್ಕೂ ಇರುವ ಅಂತರವನ್ನು ನಾವು ಮರೆಯಬಾರದು.

ಗಿಡುಗಗಳಿಂದ ಸಣ್ಣ ಹಕ್ಕಿಗಳ ಸಂತಾನವೇ ಅಳಿದುಹೋಗುವುದೆಂಬ ಭಯವೂ ಉಂಟು. ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಯಿಂದ ಕೀಟನಾಶಕಗಳ ದೆಸೆಯಿಂದ ಗುಬ್ಬಿಗಿಡುಗಗಳು ಅನೇಕ ಕಡೆ ಕಾಣೆಯಾದವು. ಬಹುವರ್ಷ ಹಕ್ಕಿಗಳನ್ನು ಎಣಿಸಿದ ಅಲ್ಲಿನ ಒಂದು ಕಾಡಿನಲ್ಲಿ, ಗಿಡುಗವಿಲ್ಲದ ವರ್ಷಗಳಲ್ಲಿ ಸಣ್ಣ ಹಕ್ಕಿಗಳು ಹೆಚ್ಚಲೂ ಇಲ್ಲ, ಗಿಡುಗ ಮರಳಿದ ಮೇಲೆ ಕುಸಿಯಲೂ ಇಲ್ಲವೆಂದು ತಿಳಿದುಬಂದಿತು. ಸಣ್ಣ ಹಕ್ಕಿಗಳ ಮರಿಗಳಲ್ಲಿ ಹೆಚ್ಚಿನವು ಮೊದಲ ವರ್ಷವನ್ನೇ ದಾಟುವುದಿಲ್ಲ. ಗಿಡುಗವಿರದಿದ್ದರೆ ಹಸಿವೋ ಚಳಿಯೋ ರೋಗವೋ ಅವನ್ನು ಒಯ್ಯುತ್ತದೆ.

ಹಾಗಾದರೆ ತೋಟವನ್ನು ನಿಜವಾಗಿ ಬರಿದು ಮಾಡುವುದು ಯಾವುದು? ವಿಷ. ಕೀಟ ತಿಂದ ವಿಷ ಸಣ್ಣ ಹಕ್ಕಿಗೆ, ಅಲ್ಲಿಂದ ಗಿಡುಗಕ್ಕೆ ಏರುತ್ತ ಸಾಂದ್ರವಾಗುತ್ತದೆ. ಡಿಡಿಟಿಯಿಂದ ಗಿಡುಗಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೆ ಕೂತಾಗಲೇ ಒಡೆಯುತ್ತಿದ್ದುದನ್ನು ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ತೋರಿಸಿಕೊಟ್ಟರು. ವಿಷವು ಸಿಂಪಡಿಸಿದಲ್ಲಿಯೇ ನಿಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯವರಿಗೆ ದೂರದ ಸಾಕ್ಷಿ ಬೇಕಿಲ್ಲ. ಗೇರುತೋಟಗಳ ಮೇಲೆ ಎರಚಿದ ಎಂಡೋಸಲ್ಫಾನಿನ ನೋವನ್ನು ಕೊಕ್ಕಡದ ಮನೆಗಳೂ, ಆಲಂಕಾರಿಗೆ ಸಮೀಪದ ಕೊಯಿಲದ ಮನೆಗಳೂ ಉಂಡಿವೆ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದನ್ನು ತಡೆಯಿತು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ. ಇಲಿಗೆ ಪಾಷಾಣವಿಡುವ ಬದಲು ಬೋನು ಇಡಿರಿ. ಬ್ರೋಮಡಿಯೋಲೋನ್ ತಿಂದ ಇಲಿ ಸಾಯಲು ಕೆಲವು ದಿನಗಳು ಹಿಡಿಯುವುದರಿಂದ, ಅಷ್ಟರಲ್ಲಿ ಅದನ್ನು ಹಿಡಿದು ತಿಂದ ಗೂಬೆ ಗಿಡುಗಗಳೂ ಸಾಯಬಹುದು. ಹಕ್ಕಿಗಳಿಗೆ ಕಾಳು ನೀರು ಇಡುವವರು ಬಟ್ಟಬಯಲಿನಲ್ಲಿ ಇಡದೆ, ಥಟ್ಟನೆ ಅಡಗಿಕೊಳ್ಳಲು ಪೊದೆಯಿರುವೆಡೆ ಇಡಲಿ. ಬೇಲಿಯ ಗಿಡಗಳನ್ನು ಪೂರ್ತಿ ಸವರಬೇಡಿರಿ. ಗಿಡುಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದೆಯೆಂಬುದು ನೆನಪಿರಲಿ.

ಪಿಕಳಾರಕ್ಕಾಗಿ ಮರುಗುವ ಮಗುವಿನ ಕಣ್ಣೀರನ್ನು ಗದರಿಸಿ ತಡೆಯಬೇಡಿರಿ. ಅದು ಒಳ್ಳೆಯ ಮನಸ್ಸಿನ ಗುರುತು. ಜೊತೆಗೇ, ಎತ್ತರದ ಮರದ ಗೂಡಿನಲ್ಲಿ ಗಿಡುಗದ ಮರಿಯೂ ಹಸಿದು ಬಾಯಿ ತೆರೆದು ಕುಳಿತಿದೆಯೆಂದು ತಿಳಿಯಹೇಳಿರಿ. ಗಿಡುಗ ಬರುವ ತೋಟದಲ್ಲಿ ಅದಕ್ಕೆ ಸಾಲುವಷ್ಟು ಜೀವಸಂಪತ್ತು ಇನ್ನೂ ಉಳಿದಿದೆಯೆಂದು ಅರಿತು, ಕೈಯಲ್ಲಿನ ಕಲ್ಲನ್ನು ಕೆಳಗಿಡಬೇಕೆಂಬುದೇ ನಮ್ಮ ಹಾರೈಕೆ.