ರೆಸಿನ್ ಅಂಟಿದ ಕೈಗೆ ಥಿನ್ನರ್ ಬೇಡ

ಸಿಲಿಕೋನ್ ಅಚ್ಚಿಗೆ ರೆಸಿನ್ ಸುರಿದು ಕೀಚೈನು, ಕಿವಿಯೋಲೆ, ಟ್ರೇ ತಯಾರಿಸುವ ಹವ್ಯಾಸ ಈಗ ಅನೇಕ ಮನೆಗಳಲ್ಲಿದೆ. ಕೆಲವು ಗೃಹಿಣಿಯರಿಗೆ ಇದೇ ಸಣ್ಣ ಆದಾಯ. ಆದರೆ ಕೆಲಸ ಮುಗಿದಾಗ ಬೆರಳೆಲ್ಲ ಅಂಟಂಟು. ಬರಿ ನೀರಿಗೆ ಹೋಗುವುದಿಲ್ಲ. ಆಗ ಪೇಂಟ್ ಥಿನ್ನರ್ ಅಥವಾ ಅಸಿಟೋನ್ ಹಾಕಿ ಉಜ್ಜುವವರುಂಟು. ತೊಂದರೆ ಆರಂಭವಾಗುವುದು ಇಲ್ಲಿಯೇ.

ಏನಾಗುತ್ತದೆ?

ಎಪಾಕ್ಸಿಯಲ್ಲಿ ಎರಡು ದ್ರವಗಳಿರುತ್ತವೆ: ಒಂದು ರೆಸಿನ್, ಇನ್ನೊಂದು ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಹಸಿಯಾಗಿರುವಾಗ ಎರಡೂ ಚರ್ಮಕ್ಕೆ ಹಾನಿಕರ. ಥಿನ್ನರ್ ಚರ್ಮದ ಸಹಜ ಜಿಡ್ಡನ್ನು ತೆಗೆದು, ರೆಸಿನ್ನನ್ನು ತೆಳುವಾಗಿಸಿ ಇನ್ನಷ್ಟು ಹರಡುತ್ತದೆ. ಮೊದಮೊದಲು ಏನೂ ಆಗದಿರಬಹುದು. ಕೆಲವು ತಿಂಗಳ ನಂತರ ಬೆರಳು, ಮುಂಗೈ, ಕಣ್ಣಿನ ರೆಪ್ಪೆಗಳಲ್ಲಿ ತುರಿಕೆ, ಕೆಂಪು, ನೀರುಗುಳ್ಳೆ ಕಾಣಿಸಿಕೊಳ್ಳಬಹುದು. ಇದು ಅಲರ್ಜಿ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಅಂಥವರು ಆ ಕೆಲಸವನ್ನೇ ಬಿಡಬೇಕಾಗಬಹುದು.

ಕೈ ಸ್ವಚ್ಛಗೊಳಿಸುವುದು ಹೇಗೆ?

ಮೊದಲು ಒಣ ಬಟ್ಟೆ ಅಥವಾ ಕಾಗದದಿಂದ ಒರೆಸಿ. ನಂತರ ಸೋಪು ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕೊನೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಳ್ಳಬಹುದು. ಎಲ್ಲಕ್ಕಿಂತ ಮೇಲು, ಕೈಗೆ ತಾಗದಂತೆ ನೈಟ್ರೈಲ್ ಕೈಗವಸು ಧರಿಸುವುದು. ಲ್ಯಾಟೆಕ್ಸ್ ಕೈಗವಸು ಎಪಾಕ್ಸಿಯನ್ನು ಚೆನ್ನಾಗಿ ತಡೆಯುವುದಿಲ್ಲ; ಅದು ತಾಗಿದರೆ ಕೆಲವು ಬಗೆಯ ಸಿಲಿಕೋನ್ ಗಟ್ಟಿಯಾಗದೆ ಅಚ್ಚೂ ಕೆಡುತ್ತದೆ.

ಪಾತ್ರೆ, ಕಡ್ಡಿಗಳ ಶುದ್ಧಿ

ಕಲಸಲು ಸಿಲಿಕೋನ್ ಲೋಟ ಬಳಸಿದರೆ ಕೆಲಸ ಹಗುರ. ಅಂಚಿನಲ್ಲಿ ಉಳಿದ ರೆಸಿನ್ ಗಟ್ಟಿಯಾದ ಮೇಲೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಬೇರೆ ಉಪಕರಣಗಳನ್ನು ಒರೆಸಿ, ಕೈಗವಸು ಹಾಕಿಕೊಂಡೇ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಸ್ವಚ್ಛಗೊಳಿಸಿ. ಇದು ಬೇಗ ಬೆಂಕಿ ಹತ್ತುವ ದ್ರವ. ಒಲೆ, ದೀಪಗಳಿಂದ ದೂರವಿರಲಿ. ಹಸಿ ರೆಸಿನ್ನನ್ನು ಸಿಂಕಿಗೆ ಸುರಿಯಬೇಡಿ. ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಹೆಚ್ಚು ಮಿಶ್ರಣ ಲೋಟದಲ್ಲೇ ಉಳಿದರೆ ತಾನಾಗಿ ಕಾದು ಹೊಗೆಯಾಡಬಹುದು. ಅದನ್ನು ಮಕ್ಕಳ ಕೈಗೆ ಸಿಗದಂತೆ ಹೊರಗೆ ಸಿಮೆಂಟ್ ನೆಲದ ಮೇಲಿಡಿ. ರೆಸಿನ್ ಕಲಸಿದ ಚಮಚ, ಬಟ್ಟಲು ಮತ್ತೆ ಅಡುಗೆಮನೆಗೆ ಬರಬಾರದು.

ಉಸಿರು ಮತ್ತು ಕಣ್ಣು

ಕಿಟಕಿ ತೆರೆದು ಗಾಳಿಯಾಡುವಲ್ಲಿ ಕೆಲಸ ಮಾಡಿ. ಅಂಚು ನಯಗೊಳಿಸುವಾಗ ಮರಳು ಕಾಗದವನ್ನು ನೀರಿನಲ್ಲಿ ತೋಯಿಸಿ ಉಜ್ಜಿದರೆ ಧೂಳು ಏಳುವುದಿಲ್ಲ. ಎನ್-95 ಮಾಸ್ಕ್ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ ಎಂಬುದು ನೆನಪಿರಲಿ. ಪಾಲಿಯೆಸ್ಟರ್ ರೆಸಿನ್ ಬಳಸುವವರು ಕನ್ನಡಕ ಧರಿಸಲೇಬೇಕು. ಅದಕ್ಕೆ ಬೆರೆಸುವ ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಹಾಗಾದಲ್ಲಿ ತಕ್ಷಣ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು, ತಡಮಾಡದೆ ನೇತ್ರವೈದ್ಯರ ಬಳಿ ಹೋಗಿ.

ತುರಿಕೆ ಕಂಡರೆ ಕಂಡಕಂಡ ಮುಲಾಮು ಹಚ್ಚಬೇಡಿ. ಕೆಲಸ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ. ರೆಸಿನ್ ಡಬ್ಬಿಯ ಮೇಲಿನ ಚೀಟಿಯನ್ನೂ ಅವರಿಗೆ ತೋರಿಸಿ.