ದೀಕ್ಷಾಸ್ನಾನ ಮೇನಲ್ಲಿ, ಸಮಾಧಿ ಅದೇ ವರ್ಷದ ಫೆಬ್ರವರಿಯಲ್ಲಿ!

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ನನ್ನ ಪಾಲಿಗೆ ಬಂದಿತ್ತು. ಕ್ರಿಕೆಟ್ ರನ್ನು, ಮಳೆಯ ಪ್ರಮಾಣ ಎಲ್ಲರ ಪಾಠಯೋಜನೆಯಲ್ಲೂ ಇರುತ್ತವೆ. ಬೇರೆ ದತ್ತಾಂಶವಿರಲಿ ಎಂದು, ಪುಸ್ತಕವೊಂದರಲ್ಲಿ ಅಚ್ಚಾಗಿದ್ದ ಇಂಗ್ಲೆಂಡಿನ ಹಳ್ಳಿ ಚರ್ಚಿನ ದಾಖಲೆಯಿಂದ ಇಪ್ಪತ್ತು ಸಾಲುಗಳನ್ನು ಆರಿಸಿಕೊಂಡೆ. ಅದರಲ್ಲೊಂದು ಮಗುವಿಗೆ 1645ರ ಮೇ ತಿಂಗಳಲ್ಲಿ ದೀಕ್ಷಾಸ್ನಾನ, 1645ರ ಫೆಬ್ರವರಿಯಲ್ಲಿ ಸಮಾಧಿ. ಬರೆದವರ ಕೈತಪ್ಪು ಎಂದುಕೊಂಡು ಆ ಸಾಲನ್ನು ಬಿಟ್ಟೆ. ಚಾರ್ಟ್ ನೋಡಿದ ಮಾರ್ಗದರ್ಶಕ ಉಪನ್ಯಾಸಕರು ಕೇಳಿದ್ದು ಒಂದೇ ಮಾತು: “ಇಪ್ಪತ್ತನೆಯದು ಎಲ್ಲಿ?”

ತಪ್ಪು ನನ್ನದೇ ಆಗಿತ್ತು. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಅವರ 1645ರಲ್ಲಿ ಮೇ ಮೊದಲು, ಫೆಬ್ರವರಿ ಕೊನೆಗೆ. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ, ನನಗೇ ಹೊಳೆಯಲಿಲ್ಲ. ಜನವರಿ 1ಕ್ಕೆ ವರ್ಷಾರಂಭ ಕಾನೂನಾಗಿ ಬಂದದ್ದು 1752ರಲ್ಲಿ. ಅದರ ಹಿಂದಿನ 1751ನೇ ವರ್ಷಕ್ಕೆ ಅಲ್ಲಿ 282 ದಿನಗಳಷ್ಟೇ! ಇತಿಹಾಸಕಾರರು ಗೊಂದಲ ತಪ್ಪಿಸಲು ಅಂಥ ತಿಂಗಳುಗಳ ವರ್ಷವನ್ನು 1645/46 ಎಂದು ಬರೆಯುತ್ತಾರೆ.

ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ಹೊಲ, ಮನೆಗಳು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ, ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪ್ರತಿ ಪ್ಯಾರಿಷ್‌ನಲ್ಲೂ ಬರೆದಿಡಬೇಕೆಂದು ಆಜ್ಞೆ ಮಾಡಿದ. ಡೆವನ್ ಪ್ರಾಂತ್ಯದ ಕಾಲಿಟನ್‌ನ ದಾಖಲೆ ಆ ವರ್ಷದಿಂದಲೇ ಸಿಗುತ್ತದೆ. 1645ರ ನವೆಂಬರಿನಿಂದ ಒಂದು ವರ್ಷ ಅಲ್ಲಿ ಪ್ಲೇಗ್ ಇತ್ತು. ಸುಮಾರು ಐದರಲ್ಲಿ ಒಂದು ಪಾಲು ಜನ ಸತ್ತರು. ಈಗ ನನ್ನ ತಪ್ಪನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಬರೆದಿರುವ ವರ್ಷವನ್ನೇ ನಂಬಿ ಸ್ತಂಭಾಲೇಖ ಎಳೆದರೆ, ಪ್ಲೇಗ್ ನಡುವಿನ ಜನವರಿ, ಫೆಬ್ರವರಿಯ ಸಾವುಗಳು ಪ್ಲೇಗ್ ಬರುವ ಮೊದಲೇ ಹೋಗಿ ನಿಲ್ಲುತ್ತವೆ.

ಇದೇ ಕಾಲಿಟನ್ ದಾಖಲೆಯಿಂದ ಇ.ಎ. ರಿಗ್ಲಿ 1966ರಲ್ಲಿ ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ವಿಧಾನ ಕೇಳಲು ಸರಳ: ಒಂದೊಂದು ನಮೂದಿಗೂ ಒಂದು ಚೀಟಿ, ಆಮೇಲೆ ಹೆಸರು ಹೊಂದಿಸಿ ದಂಪತಿ, ಮಕ್ಕಳು ಹೀಗೆ ಒಂದೊಂದೇ ಕುಟುಂಬವನ್ನು ಜೋಡಿಸುವುದು. ಮಾಡಲು ಮಾತ್ರ ವರ್ಷಗಳೇ ಬೇಕು. 1560ರಿಂದ 1646ರವರೆಗೆ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸು 27.0, ಪ್ಲೇಗ್ ನಂತರದ 1647ರಿಂದ 1719ರ ಅವಧಿಯಲ್ಲಿ 29.6 ಎಂದು ಸಿಕ್ಕಿತು. ಹಳೆಯ ಕಾಲದಲ್ಲಿ ಎಲ್ಲ ಕಡೆಯೂ ಬಾಲ್ಯವಿವಾಹ ಎಂದೇ ತಿಳಿದಿದ್ದ ನಾನು ಈ ಅಂಕಿಗಳನ್ನು ಎರಡು ಸಲ ಓದಿದೆ.

ಆದರೆ ಮದುವೆಯ ನಮೂದಿನಲ್ಲಿ ಆಗ ವಯಸ್ಸು ಬರೆಯುತ್ತಿರಲಿಲ್ಲ. ಅದು ದೀಕ್ಷಾಸ್ನಾನದ ತಾರೀಖಿನಿಂದ ಲೆಕ್ಕ ಹಾಕಿದ್ದು. ಅಂದರೆ ಅದೇ ಊರಿನಲ್ಲಿ ದೀಕ್ಷಾಸ್ನಾನವಾಗಿ ಅಲ್ಲೇ ಮದುವೆಯಾದವರ ಸರಾಸರಿ ಅದು. ಊರು ಬಿಟ್ಟು ಹೋದವರು ಲೆಕ್ಕದಲ್ಲಿಲ್ಲ. ‘ಪ್ರತಿಚಯನ’ದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಯೋಗಾಲಯದಲ್ಲಿ ನಕ್ಷೆಯ ಗೆರೆಗೆ ಹೊಂದದ ಬಿಂದುವನ್ನು ಸದ್ದಿಲ್ಲದೆ ಅಳಿಸುವ ಬಿಎಸ್ಸಿ ಅಭ್ಯಾಸ ನನ್ನಲ್ಲಿ ಇನ್ನೂ ಹೋಗಿರಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಬಿಟ್ಟಿದ್ದ ಸಾಲನ್ನು ಸೇರಿಸಿ, ಏನೂ ವಿವರಿಸದೆ ಚಾರ್ಟನ್ನು ತರಗತಿಯಲ್ಲಿ ತೂಗುಹಾಕಿದೆ. “ಮೇಡಂ, ಇದು ತಪ್ಪು” ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಕ್ಯಾಲೆಂಡರಿನ ವಿಷಯ ತಿಳಿದ ಮೇಲೆ ಮಕ್ಕಳೇ ತಿಂಗಳುಗಳನ್ನು ಮಾರ್ಚ್‌ನಿಂದ ಜೋಡಿಸಿ ಸ್ತಂಭಾಲೇಖ ಎಳೆದರು. ಅಷ್ಟರಲ್ಲಿ ಒಬ್ಬ ಹುಡುಗಿ, “ದೀಕ್ಷಾಸ್ನಾನಕ್ಕೆ ಮೊದಲೇ ಮಗು ಸತ್ತರೆ ಎಲ್ಲಿ ಬರೆಯುತ್ತಿದ್ದರು?” ಎಂದು ಕೇಳಿದಳು. ದೀಕ್ಷಾಸ್ನಾನದ ಪಟ್ಟಿಯಲ್ಲಂತೂ ಆ ಮಗು ಇರುವುದಿಲ್ಲ; ಎಷ್ಟೋ ಮಕ್ಕಳ ಹುಟ್ಟು ಹೀಗೆ ಲೆಕ್ಕ ತಪ್ಪಿದೆ ಎಂದೆ. ಅವಳು ತನ್ನ ಕೋಷ್ಟಕದ ಅಂಚಿನಲ್ಲಿ ಇನ್ನೊಂದು ಕಂಬಸಾಲು ಎಳೆದು ಖಾಲಿ ಬಿಟ್ಟಳು.