ಡಬ್ಬಿಯ ಮೇಲಿನ 25 ಕೆ.ಜಿ.

ರೇಡಿಯೊ ಕಂಟ್ರೋಲ್ ಟ್ರಕ್ಕು ಓಡಿಸುವವರ ನಡುವೆ ನಿಂತು "ಸ್ಟೀರಿಂಗ್ ಸರಿಯಾಗಿ ತಿರುಗ್ತಾ ಇಲ್ಲ, ಯಾವ ಸರ್ವೋ ಹಾಕಲಿ?" ಎಂದು ಕೇಳಿ ನೋಡಿ. ಗಾಡಿ ಯಾವುದು, ಬ್ಯಾಟರಿ ಎಷ್ಟು ಸೆಲ್ಲಿನದು, ಓಡಿಸುವುದು ಮೈದಾನದಲ್ಲೋ ಬಂಡೆಗಳ ಮೇಲೋ ಎಂದು ಯಾರೂ ವಿಚಾರಿಸುವುದಿಲ್ಲ. ಬರುವ ಉತ್ತರ ಒಂದೇ: "25 ಕೆ.ಜಿ.ದು ಹಾಕ್ಬಿಡಿ ಸಾರ್, ಆಮೇಲೆ ತಲೆನೋವೇ ಇರಲ್ಲ." ಈಚೆಗೆ ಆ 25 ಕೂಡ ಸಾಲದೆ 35 ಆಗಿದೆ. ಕೆ.ಜಿ. ಹೆಚ್ಚಿದ್ದಷ್ಟೂ ಸರ್ವೋ ಒಳ್ಳೆಯದು ಎಂಬ ಈ ನಂಬಿಕೆ ಈ ಹವ್ಯಾಸದಲ್ಲಿ ಹಾಳುಮಾಡಿದಷ್ಟು ದುಡ್ಡನ್ನು ಬೇರೆ ಯಾವ ನಂಬಿಕೆಯೂ ಹಾಳುಮಾಡಿಲ್ಲ ಎಂದೇ ನನ್ನ ಅಭಿಪ್ರಾಯ.

ಸರ್ವೋ ಅಂದರೆ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಗೇರು-ಮೋಟಾರು. ಮೊದಲು ಆ ಅಂಕಿಯ ಅರ್ಥ ನೋಡೋಣ. ಅದು ಬರೀ ಕೆ.ಜಿ. ಅಲ್ಲ, ಕೆ.ಜಿ.-ಸೆಂಟಿಮೀಟರ್. ಶಾಫ್ಟಿನ ಮಧ್ಯದಿಂದ 1 ಸೆಂ.ಮೀ. ದೂರದಲ್ಲಿ 25 ಕೆ.ಜಿ. ಬಲ ಎಂದು ಅದರ ಅರ್ಥ. ಸ್ಟೀರಿಂಗ್ ಕಡ್ಡಿಯನ್ನು ಹಾರ್ನಿನ, ಅಂದರೆ ಶಾಫ್ಟಿಗೆ ಕೂರಿಸುವ ತೋಳಿನ, ಮೇಲೆ 2.5 ಸೆಂ.ಮೀ. ದೂರದ ತೂತಿಗೆ ಸಿಕ್ಕಿಸಿದರೆ ಉಳಿಯುವುದು 10 ಕೆ.ಜಿ. ಅದೂ ಸ್ಟಾಲ್ ಟಾರ್ಕ್. ಅಂದರೆ ಮೋಟಾರು ತಿರುಗಲಾರದೆ ಪೂರ್ತಿ ನಿಂತುಹೋದ ಕ್ಷಣದ ಬಲ. ಆ ಸ್ಥಿತಿಯಲ್ಲಿ ಸರ್ವೋ ಕೆಲಸವನ್ನೇ ಮಾಡುತ್ತಿರುವುದಿಲ್ಲ. ಬಂದ ವಿದ್ಯುತ್ತೆಲ್ಲ ಬಿಸಿಯಾಗಿ ಹೋಗುತ್ತಿರುತ್ತದೆ. ಚಕ್ರ ನಿಜವಾಗಿ ತಿರುಗುತ್ತಿರುವಾಗ ಸಿಗುವ ಟಾರ್ಕು ಇದರ ಒಂದು ಭಾಗ ಮಾತ್ರ. ಇನ್ನೂ ಮುಖ್ಯವಾದ ಸಂಗತಿ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕುವುದು ಆ ಸರ್ವೋ ತಾಳಬಲ್ಲ ಅತಿ ಹೆಚ್ಚಿನ ವೋಲ್ಟೇಜಿನಲ್ಲಿ ಬಂದ ಅಂಕಿ. 8.4 ವೋಲ್ಟಿನಲ್ಲಿ 35 ಕೆ.ಜಿ. ಕೊಡುವುದಕ್ಕೆ 5 ವೋಲ್ಟ್ ಕೊಟ್ಟರೆ ಹೆಚ್ಚುಕಮ್ಮಿ 21 ಕೆ.ಜಿ. ಬರುತ್ತದೆ. ವೇಗವೂ ಅದೇ ಪ್ರಮಾಣದಲ್ಲಿ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ರಿಸೀವರಿಗೆ ಬರುತ್ತಿರುವುದು ಎಷ್ಟು ವೋಲ್ಟ್ ಎಂದು ತಿಳಿಯದೆ ಸರ್ವೋ ಕೊಳ್ಳುವುದು ಕಣ್ಣು ಕಟ್ಟಿಕೊಂಡು ವ್ಯಾಪಾರ ಮಾಡಿದ ಹಾಗೆ.

ಇಲ್ಲಿ ಪ್ರತಿಯೊಬ್ಬರೂ ಮಾಡಬಹುದಾದ, ಯಾರೂ ಮಾಡದ ಒಂದು ಲೆಕ್ಕ ಇದೆ. ಡಿ.ಸಿ. ಮೋಟಾರಿಗೆ ಒಂದು ಗುಣವಿದೆ: ಅದರ ಸ್ಟಾಲ್ ಟಾರ್ಕನ್ನು ಖಾಲಿ ಓಟದ ವೇಗದಿಂದ ಗುಣಿಸಿದರೆ ಬರುವ ವ್ಯಾಟು, ಸ್ಟಾಲ್ ಆದಾಗ ಅದು ಎಳೆಯುವ ವ್ಯಾಟಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. ನಡುವೆ ಎಷ್ಟು ಗೇರು ಹಾಕಿದರೂ ಈ ಲೆಕ್ಕ ಅಲುಗದು, ಏಕೆಂದರೆ ಗೇರು ಟಾರ್ಕನ್ನು ಎಷ್ಟು ಪಟ್ಟು ಏರಿಸುತ್ತದೋ ವೇಗವನ್ನು ಅಷ್ಟೇ ಪಟ್ಟು ಇಳಿಸುತ್ತದೆ. ಸರ್ವೋ ಭಾಷೆಯಲ್ಲಿ ಹೇಳುವುದಾದರೆ: ಕೆ.ಜಿ. ಅಂಕಿಯನ್ನು 60 ಡಿಗ್ರಿ ತಿರುಗಲು ಬೇಕಾದ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಮತ್ತೆ ಹತ್ತರಿಂದ ಭಾಗಿಸಿ. ಹೆಚ್ಚುಕಮ್ಮಿ ಅಷ್ಟು ವ್ಯಾಟು ಬೇಕೇ ಬೇಕು. ಅದನ್ನು ವೋಲ್ಟಿನಿಂದ ಭಾಗಿಸಿದರೆ ಆಂಪು ಸಿಗುತ್ತದೆ. 6 ವೋಲ್ಟಿನಲ್ಲಿ 25 ಕೆ.ಜಿ., 0.15 ಸೆಕೆಂಡ್ ಎಂದಿದ್ದರೆ ಸುಮಾರು 17 ವ್ಯಾಟ್, ಅಂದರೆ 2.8 ಆಂಪ್. ಇದು ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಮೋಟಾರಿನ ಲೆಕ್ಕ. ಗೇರುಗಳ ಘರ್ಷಣೆ ಸೇರಿದರೆ ನಾಲ್ಕು ಆಂಪಿನ ಆಸುಪಾಸು ಬರುತ್ತದೆ. ಕರೆಂಟಿಗೆ ಮಿತಿ ಹಾಕುವ ಒಳ್ಳೆಯ ಸರ್ಕ್ಯೂಟು ಇರುವ ದುಬಾರಿ ಸರ್ವೋಗಳ ಮಾತು ಬೇರೆ. ಇದು ನಾವು ಸಾಮಾನ್ಯವಾಗಿ ಕೊಳ್ಳುವ ಮಾಲಿನ ಲೆಕ್ಕ.

ಈ ಲೆಕ್ಕದಲ್ಲಿ ಸುಳ್ಳು ಲೇಬಲ್ಲು ಕೂಡಲೇ ಸಿಕ್ಕಿಬೀಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲರೂ ಕೊಳ್ಳುವ ಟವರ್‌ಪ್ರೊ ಎಂಜಿ996ಆರ್ ತೆಗೆದುಕೊಳ್ಳಿ. 6 ವೋಲ್ಟಿನಲ್ಲಿ 11 ಕೆ.ಜಿ., 0.14 ಸೆಕೆಂಡ್, ಸ್ಟಾಲ್ ಕರೆಂಟ್ 2.5 ಆಂಪ್ ಎಂದು ಅದರ ವಿವರಪಟ್ಟಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಕನಿಷ್ಠ 1.3 ಆಂಪ್ ಬೇಕು. ಎರಡಕ್ಕೂ ತಾಳೆಯಿದೆ, ನಷ್ಟಕ್ಕೆ ಜಾಗವೂ ಇದೆ. ಅದೇ 6 ವೋಲ್ಟಿನಲ್ಲಿ 35 ಕೆ.ಜಿ., 0.11 ಸೆಕೆಂಡ್, 1.8 ಆಂಪ್ ಎಂದು ಯಾರಾದರೂ ಅಚ್ಚು ಹಾಕಿದ್ದರೆ? ಕನಿಷ್ಠ 5.3 ಆಂಪ್ ಬೇಕಾದ ಕಡೆ 1.8 ಬರೆದಿದ್ದಾರೆ. ಮೂರು ಅಂಕಿಗಳಲ್ಲಿ ಒಂದಂತೂ ಸುಳ್ಳು. ಯಾವುದು ಎಂದು ಹುಡುಕುವ ಶ್ರಮ ಬೇಡ, ಆ ಸರ್ವೋ ಕೊಳ್ಳುವುದೇ ಬೇಡ.

ಇಷ್ಟು ಕರೆಂಟು ಬರಬೇಕಾದದ್ದು ಎಲ್ಲಿಂದ? ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯೊಳಗೆ ಬಿಇಸಿ ಎಂಬ ಪುಟ್ಟ ಸರ್ಕ್ಯೂಟಿದೆ. ರಿಸೀವರಿಗೂ ಸರ್ವೋಗೂ ವಿದ್ಯುತ್ತು ಕೊಡುವುದು ಅದೇ. ಗಾಡಿಯ ಜೊತೆ ಬಂದ ಅಗ್ಗದ ಇಎಸ್‌ಸಿಗಳಲ್ಲಿ ಅದರ ಸಾಮರ್ಥ್ಯ 2 ಅಥವಾ 3 ಆಂಪ್. ಲೀನಿಯರ್ ಬಗೆಯದಾದರೆ ಅಷ್ಟೂ ಸಿಗುವುದಿಲ್ಲ: 3 ಸೆಲ್ಲಿನ ಲೈಪೊದ 11.1 ವೋಲ್ಟನ್ನು 5ಕ್ಕೆ ಇಳಿಸುತ್ತ 2 ಆಂಪ್ ಕೊಡಬೇಕೆಂದರೆ 12 ವ್ಯಾಟನ್ನು ಶಾಖವಾಗಿ ಹೊರಹಾಕಬೇಕು. ಉಗುರಿನಷ್ಟು ಚಿಪ್ಪಿಗೆ ಅದು ಆಗದ ಮಾತು.

ಆಗ ಏನಾಗುತ್ತದೆಂಬುದನ್ನು ಹತ್ತಿರದಿಂದ ನೋಡಿ. ಗಾಡಿ ಸಿಮೆಂಟಿನ ಮೇಲೆ ನಿಂತಿದೆ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಥ್ರಾಟಲ್ ಒತ್ತುತ್ತೀರಿ. ಚಕ್ರ ಅರ್ಧಕ್ಕೆ ತಿರುಗುತ್ತದೆ, ರಿಸೀವರಿನ ಕೆಂಪು ದೀಪ ಆರುತ್ತದೆ, ಗಾಡಿ ಸತ್ತಂತೆ ನಿಲ್ಲುತ್ತದೆ. ಒಂದು ಸೆಕೆಂಡಿಗೆ ದೀಪ ಮತ್ತೆ ಮಿನುಗಿ ಎಲ್ಲ ಸರಿಹೋಗುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಮತ್ತೆ ಅದೇ. ಸರ್ವೋ ಎಳೆದ ಕರೆಂಟಿಗೆ ವೋಲ್ಟೇಜು ಕುಸಿದು ರಿಸೀವರ್ ರೀಸೆಟ್ ಆಗುತ್ತಿದೆ, ಅಷ್ಟೆ. ಮಾಮೂಲಿ ಮಲ್ಟಿಮೀಟರ್ ಹಿಡಿದರೆ ಕುಸಿತ ಕಾಣುವುದಿಲ್ಲ, ಅಷ್ಟು ಕ್ಷಣಿಕ. ಹಾಗಾಗಿ ಆಪಾದನೆ ರಿಸೀವರಿನ ಮೇಲೆ ಬರುತ್ತದೆ. ಹೊಸ ರಿಸೀವರ್ ಬರುತ್ತದೆ, ಅದೂ ಹಾಗೇ ಮಾಡುತ್ತದೆ. ಆಮೇಲೆ ಟ್ರಾನ್ಸ್‌ಮಿಟರ್ ಸರಿಯಿಲ್ಲ ಎಂಬ ತೀರ್ಮಾನ. ಈ ಮೆರವಣಿಗೆಯನ್ನು ನೋಡಿ ನೋಡಿ ನನಗೆ ಸಾಕಾಗಿದೆ. ತಪ್ಪು ಇರುವುದು 25 ಕೆ.ಜಿ. ಸರ್ವೋವನ್ನು 2 ಆಂಪಿನ ಬಿಇಸಿಗೆ ಗಂಟುಹಾಕಿದ್ದರಲ್ಲಿ. ರಿಸೀವರಿಗೆ ಸಿಕ್ಕಿಸುವ ದೊಡ್ಡ ಕೆಪಾಸಿಟರು ಕ್ಷಣಮಾತ್ರದ ಕುಸಿತವನ್ನು ತಡೆದೀತು. ಸರ್ವೋ ಒಂದೇ ಸಮನೆ ಎಳೆಯುತ್ತಿದ್ದರೆ ಅದರಿಂದ ಪ್ರಯೋಜನವಿಲ್ಲ.

ಅಷ್ಟಕ್ಕೂ ಗಾಡಿಗೆ ಬೇಕಾದದ್ದು ಎಷ್ಟು? 1/10 ಅಳತೆಯ ಟು-ವೀಲ್ ಡ್ರೈವ್ ಟ್ರಕ್ಕು, ಟ್ರ್ಯಾಕ್ಸಸ್ ಸ್ಲ್ಯಾಶ್‌ನಂಥದ್ದು, ಎರಡೂವರೆ ಕೆ.ಜಿ. ಒಳಗೇ ಇರುತ್ತದೆ. ಮುಂದಿನ ಎರಡು ಚಕ್ರಗಳ ಮೇಲೆ ಬೀಳುವುದು ಹೆಚ್ಚೆಂದರೆ 1.2 ಕೆ.ಜಿ. ಗಾಡಿ ನಿಂತಿರುವಾಗ, ಒರಟು ಸಿಮೆಂಟಿನ ಮೇಲೆ ರಬ್ಬರನ್ನು ಉಜ್ಜುತ್ತ ತಿರುಗಿಸಲು ಬೇಕಾಗುವುದು ಒಂದೂವರೆ-ಎರಡು ಕೆ.ಜಿ.-ಸೆಂ.ಮೀ. ಕೀಲುಗಳ ಬಿಗಿತ, ಕಡ್ಡಿಗಳ ಕೋನ ಎಲ್ಲ ಸೇರಿಸಿ ದುಪ್ಪಟ್ಟು ಮಾಡಿದರೂ ನಾಲ್ಕು ದಾಟದು. ಉರುಳುವಾಗ ಇನ್ನೂ ಕಡಿಮೆ. ಹೀಗಾಗಿ ಪ್ರಾಮಾಣಿಕವಾದ 8-10 ಕೆ.ಜಿ. ಇಂಥ ಗಾಡಿಗೆ ಧಾರಾಳ.

ಅದಕ್ಕಿಂತ ಹೆಚ್ಚು ಹಾಕಿದರೆ ಆ ಬಲ ಚಕ್ರವನ್ನು ಮುಟ್ಟುವುದೂ ಇಲ್ಲ. ಸರ್ವೋಗೂ ಚಕ್ರಕ್ಕೂ ನಡುವೆ, ಕೆಲವು ಗಾಡಿಗಳಲ್ಲಿ ಹಾರ್ನಿನಲ್ಲೇ, ಕೆಲವದರಲ್ಲಿ ಬೆಲ್‌ಕ್ರ್ಯಾಂಕಿನಲ್ಲಿ, ಸರ್ವೋ ಸೇವರ್ ಎಂಬ ಸ್ಪ್ರಿಂಗ್ ಇದೆ. ಚಕ್ರ ಕಲ್ಲಿಗೆ ಬಡಿದಾಗ ಬಾಗಿಕೊಟ್ಟು ಗೇರು ಉಳಿಸುವುದು ಅದರ ಕೆಲಸ. ಹೊರಗಿನ ಹೊಡೆತಕ್ಕೆ ಬಾಗುವ ಸ್ಪ್ರಿಂಗ್ ಒಳಗಿನ ತಳ್ಳುವಿಕೆಗೂ ಬಾಗುತ್ತದೆ. ಆ ಸ್ಪ್ರಿಂಗು 7 ಕೆ.ಜಿ.-ಸೆಂ.ಮೀ.ಗೆ ಬಾಗುವುದಾದರೆ ನೀವು 25 ಹಾಕಿ, 45 ಹಾಕಿ, ಚಕ್ರಕ್ಕೆ ತಲುಪುವುದು 7 ಮಾತ್ರ. ಗಾಡಿ ನೆಲದ ಮೇಲಿಟ್ಟು ಸ್ಟೀರಿಂಗ್ ತಿರುಗಿಸುತ್ತ ಹಾರ್ನನ್ನೇ ನೋಡಿ. ಹಾರ್ನು ಪೂರ್ತಿ ಹೋಗಿ ಚಕ್ರ ಮಾತ್ರ ಹಿಂದುಳಿದರೆ ಸರ್ವೋದಲ್ಲಿ ದೋಷವಿಲ್ಲ. ಸೇವರಿನ ಸ್ಪ್ರಿಂಗು ಸಡಿಲವಾಗಿದೆ, ಇಲ್ಲವೆ ಕೀಲುಗಳು ಸವೆದಿವೆ. ಆ ಸ್ಪ್ರಿಂಗನ್ನು ಬಿಗಿ ಮಾಡುವುದಕ್ಕೆ ಖರ್ಚೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1987ರಲ್ಲಿ ಬಂದ ಟಮಿಯಾ ಕ್ಲಾಡ್ ಬಸ್ಟರ್ ಟ್ರಕ್ಕಿನ ಸ್ಟೀರಿಂಗು ಸಡಿಲವೆಂದು ಆಗಿನಿಂದಲೇ ಹೆಸರಾದದ್ದು. ಅಲ್ಲಿ ಸರ್ವೋ ಚಾಸಿಯ ಮೇಲೆ ಕೂತು ಉದ್ದನೆಯ ಕಡ್ಡಿಗಳ ಮೂಲಕ ಆಕ್ಸಲ್ಲಿನ ಚಕ್ರಗಳನ್ನು ತಿರುಗಿಸಬೇಕು. ಸಸ್ಪೆನ್ಷನ್ ಏರಿಳಿದಾಗ ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ. ಸರ್ವೋವನ್ನು ಆಕ್ಸಲ್ಲಿನ ಮೇಲಕ್ಕೇ ಸಾಗಿಸಿ ಕಡ್ಡಿಯನ್ನು ಗಿಡ್ಡ ಮಾಡಿದವರಿಗೆ ಪರಿಹಾರ ಸಿಕ್ಕಿತು. ಅದೇ ಜಾಗದಲ್ಲಿ ಬರೀ ಬಲವಾದ ಸರ್ವೋ ಕೂರಿಸಿದರೆ ಆ ದೋಷ ಹೋಗುವುದಿಲ್ಲ.

25, 35 ಕೆ.ಜಿ. ಸರ್ವೋಗಳಿಗೆ ಕೆಲಸವೇ ಇಲ್ಲ ಎಂದಲ್ಲ. ಬಂಡೆ ಹತ್ತುವ ಕ್ರಾಲರುಗಳಿಗೆ ಅವು ಬೇಕು. ಅಲ್ಲಿ ಟೈರು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಡಿಫರೆನ್ಷಿಯಲ್ಲು ಲಾಕ್ ಆಗಿರುತ್ತದೆ, ಸರ್ವೋ ಸೇವರನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಹಾರ್ನ್ ಹಾಕಿರುತ್ತಾರೆ, ವೇಗದ ಅವಸರ ಇರುವುದಿಲ್ಲ. 1/5 ಅಳತೆಯ ಭಾರೀ ಟ್ರಕ್ಕುಗಳಿಗೂ ಬೇಕು. ಕ್ರಾಲರಿನವರು ತಮ್ಮ ಗಾಡಿಗೆ ಸರಿಯಾಗಿ ಹೇಳಿದ ಮಾತನ್ನು ಮೈದಾನದಲ್ಲಿ ಹಾರಿಸುವವರು ಎತ್ತಿಕೊಂಡಿದ್ದೇ ಈ ಎಲ್ಲ ಗೊಂದಲದ ಮೂಲ. ಹಾರಿಸುವವರಿಗೆ ಬೇಕಾದದ್ದು ವೇಗ. ಗಂಟೆಗೆ 40 ಕಿ.ಮೀ. ಓಡುವ ಟ್ರಕ್ಕು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. 0.15 ಸೆಕೆಂಡಿನ ಸರ್ವೋ ಬದಲು 0.25ರದ್ದು ಹಾಕಿದರೆ ಚಕ್ರ ತಿರುಗುವಷ್ಟರಲ್ಲಿ ಗಾಡಿ ಒಂದು ಮೀಟರಿಗಿಂತ ಹೆಚ್ಚು ಮುಂದೆ ಹೋಗಿ ಫುಟ್‌ಪಾತಿನ ಅಂಚಿಗೆ ಬಡಿದಿರುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸೋಣ. ಡಿಜಿಟಲ್ ಸರ್ವೋಗೆ ಬೇರೆ ರಿಸೀವರ್ ಬೇಕು ಎನ್ನುತ್ತಾರೆ. ಬೇಡ, ಎರಡಕ್ಕೂ ಹೋಗುವುದು 1ರಿಂದ 2 ಮಿಲಿಸೆಕೆಂಡಿನ ಅದೇ ಪಲ್ಸ್. ಅದರ ತಿರುಗುಮುರುಗು ಮಾತ್ರ ನಿಜವಾದ ಅಪಾಯ: ಅತಿ ವೇಗದ ಫ್ರೇಮ್ ರೇಟ್ ಇಟ್ಟ ರಿಸೀವರಿಗೆ ಅನಲಾಗ್ ಸರ್ವೋ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು. ಮೆಟಲ್ ಗೇರು ಸವೆಯುವುದೇ ಇಲ್ಲ ಎಂಬುದು ಇನ್ನೊಂದು; ಹಿತ್ತಾಳೆ ಗೇರು ಚೆನ್ನಾಗಿಯೇ ಸವೆಯುತ್ತದೆ. 180, 270 ಡಿಗ್ರಿ ತಿರುಗುತ್ತದೆಂದು ಹೆಮ್ಮೆಯಿಂದ ಮಾರುವ ಸರ್ವೋ ರೋಬೊಟಿಗೆ ಸರಿ, ಸ್ಟೀರಿಂಗಿಗೆ ಅಲ್ಲ. ಹಾರ್ನು ಯಾವುದಾದರೂ ಕೂರುತ್ತದೆ ಎಂದು ಒತ್ತಿ ಕೂರಿಸುವವರಿದ್ದಾರೆ. ಆದರೆ ಹಲ್ಲುಗಳ ಲೆಕ್ಕ ಬೇರೆ ಬೇರೆ: ಫುಟಾಬಾ, ಸಾವೋಕ್ಸ್‌ಗಳ ಶಾಫ್ಟಿಗೆ 25 ಹಲ್ಲು, ಹೈಟೆಕ್‌ಗೆ ಸಾಮಾನ್ಯವಾಗಿ 24, ಸನ್ವಾಗೆ 23.

ನನ್ನ ಅಸಹನೆ ಬರೀ ಸರ್ವೋ ಬಗ್ಗೆ ಅಲ್ಲ. 1990ರ ದಶಕದಲ್ಲಿ ಮನೆಮನೆಗೂ ಬಂದ ಟೇಪ್ ರೆಕಾರ್ಡರುಗಳ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಅಚ್ಚು ಹಾಕಿರುತ್ತಿತ್ತು. ಗೋಡೆಯ ಪ್ಲಗ್ಗಿನಿಂದ ಆ ಪೆಟ್ಟಿಗೆ ಎಳೆಯುತ್ತಿದ್ದದ್ದು ಹತ್ತಾರು ವ್ಯಾಟ್. ಹಿಂದೆ ಅಂಟಿಸಿದ ಚೀಟಿಯಲ್ಲೇ ಅದು ಬರೆದಿರುತ್ತಿತ್ತು, ತಿರುಗಿಸಿ ಓದುವವರಿರಲಿಲ್ಲ. ಈಗಲೂ ಹಾಗೆಯೇ. ವಿಡಿಯೊದಲ್ಲಿ ಸರ್ವೋ ಒಂದು ಡಂಬೆಲ್ ಎತ್ತಿದ್ದನ್ನು ನೋಡಿದವರು, ಹಾರ್ನು ಎಷ್ಟು ಉದ್ದ ಇತ್ತು, ಎಷ್ಟು ವೋಲ್ಟ್ ಕೊಟ್ಟಿದ್ದರು, ಎಷ್ಟು ಹೊತ್ತು ಹಿಡಿದಿತ್ತು ಎಂದು ಕೇಳುವುದಿಲ್ಲ. ಎಂಜಿನಿಯರಿಂಗ್ ಓದಿದವರೂ ಕೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಟಾರ್ಕಿನ ಸೂತ್ರ ಪಿಯುಸಿಯಲ್ಲೇ ಇದೆ.

ಅನುಮಾನವಿದ್ದರೆ ಅಳೆಯಿರಿ. ಪ್ರಯಾಣದ ಚೀಲ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಸರ್ವೋವನ್ನು ಮರದ ತುಂಡಿಗೆ ಗಟ್ಟಿಯಾಗಿ ಸ್ಕ್ರೂ ಮಾಡಿ, ಶಾಫ್ಟಿನ ಮಧ್ಯದಿಂದ ಸರಿಯಾಗಿ 2 ಸೆಂ.ಮೀ. ದೂರದ ತೂತಿಗೆ ತಕ್ಕಡಿಯ ಕೊಕ್ಕೆ ಹಾಕಿ, ಹಾರ್ನಿಗೆ ಲಂಬವಾಗಿ ಎಳೆಯುವಂತೆ ಹಿಡಿಯಿರಿ. ತಕ್ಕಡಿ ತೋರಿಸಿದ್ದನ್ನು ಎರಡರಿಂದ ಗುಣಿಸಿದರೆ ನಿಮ್ಮ ಸರ್ವೋ ನಿಮ್ಮ ಬಿಇಸಿಯಲ್ಲಿ ಕೊಡುವ ನಿಜವಾದ ಟಾರ್ಕು. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಮೋಟಾರು ಸುಡುತ್ತದೆ.

ದೊಡ್ಡ ಸರ್ವೋವನ್ನು ಈಗಾಗಲೇ ತಂದಾಗಿದ್ದರೆ ಅದಕ್ಕೆ ತಕ್ಕ ಪ್ರತ್ಯೇಕ ಬಿಇಸಿಯನ್ನೂ ಹಾಕಿ; 5 ಆಂಪಿಗಿಂತ ಕಡಿಮೆಯದು ಬೇಡ. ಅದನ್ನು ನೇರವಾಗಿ ಬ್ಯಾಟರಿಗೆ ಸೇರಿಸಿ, ವೋಲ್ಟೇಜನ್ನು ಸರ್ವೋ ಮತ್ತು ರಿಸೀವರ್ ಎರಡೂ ತಾಳುವಷ್ಟಕ್ಕೆ ಇಡಿ. ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಪ್ಲಗ್ಗಿನ ನಡುವಿನ ಕೆಂಪು ತಂತಿಯನ್ನು ಪಿನ್ನಿನ ಸಮೇತ ಹೊರತೆಗೆದು ಟೇಪು ಸುತ್ತಿ, ಇಲ್ಲವಾದರೆ ಎರಡು ಬಿಇಸಿಗಳು ಒಂದಕ್ಕೊಂದು ಎದುರಾಗುತ್ತವೆ. ಆಮೇಲೆ ಚಕ್ರಗಳನ್ನು ನೆಲದಿಂದ ಎತ್ತಿ ಹಿಡಿದು ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿ. ಚಕ್ರ ತಡೆಗೆ ತಾಗಿದ ಮೇಲೂ ಸರ್ವೋ ಗುಂಯ್‌ಗುಟ್ಟುತ್ತಿದ್ದರೆ ಆ ಶಬ್ದ ನಿಲ್ಲುವ ತನಕ ಟ್ರಾನ್ಸ್‌ಮಿಟರಿನಲ್ಲಿ ಎಂಡ್ ಪಾಯಿಂಟ್ ಇಳಿಸುತ್ತ ಬನ್ನಿ. ಎಡಕ್ಕೆ ಒಂದು ಅಂಕಿ, ಬಲಕ್ಕೆ ಇನ್ನೊಂದು ಬರಬಹುದು. ಎರಡನ್ನೂ ಬೇರೆ ಬೇರೆಯಾಗಿಯೇ ಹೊಂದಿಸಿ.